ಮಡಚುವ ದೋಣಿ: ಕೊಳ್ಳುವುದರಿಂದ ಕಡವಿನಲ್ಲಿ ಇಳಿಸುವವರೆಗೆ

ಉಡುಪಿಯಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ದೋಣಿ ಇಡಲು ಅಂಗಳವಿಲ್ಲ. ಹೊಳೆಬದಿಯಲ್ಲಿ ಜಾಗವೂ ಇಲ್ಲ. ಆದರೂ ನನ್ನದೊಂದು ದೋಣಿ ಇದೆ. ಮಲಗುವ ಕೋಣೆಯಲ್ಲಿ, ಕಪಾಟಿನ ಪಕ್ಕ, ಗೋಡೆಗೆ ಒರಗಿ ನಿಂತಿದೆ. ನೋಡಿದವರು ದೊಡ್ಡ ಸೂಟ್‌ಕೇಸ್ ಅಂದುಕೊಳ್ಳುತ್ತಾರೆ.

ನಮ್ಮ ಕಡೆ ಎಷ್ಟು ನೀರಿದೆ ನೋಡಿ. ಮಂಗಳೂರಿಗೆ ನೇತ್ರಾವತಿ ಮತ್ತು ಫಲ್ಗುಣಿ, ಮೂಲ್ಕಿಗೆ ಶಾಂಭವಿ ಮತ್ತು ನಂದಿನಿ. ಉಡುಪಿ ಸುತ್ತ ಉದ್ಯಾವರ ಹೊಳೆ, ಸ್ವರ್ಣಾ, ಸೀತಾ. ಕುಂದಾಪುರದಲ್ಲಿ ಐದು ಹೊಳೆ ಸೇರುವ ಪಂಚಗಂಗಾವಳಿ. ನಡುವೆ ಲೆಕ್ಕವಿಲ್ಲದಷ್ಟು ಕುದ್ರುಗಳು, ಅಂದರೆ ಹೊಳೆ ನಡುವಿನ ದ್ವೀಪಗಳು. ನಾವು ಇದನ್ನೆಲ್ಲ ಸೇತುವೆ ಮೇಲಿಂದ, ಬಸ್ಸಿನ ಕಿಟಕಿಯಿಂದ ನೋಡಿಯೇ ಬೆಳೆದವರು. ನೀರಿನ ಮಟ್ಟದಲ್ಲಿ ಕೂತು ನೋಡಿದರೆ ಅದೇ ಊರು ಬೇರೆಯೇ ಆಗಿ ಕಾಣುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಎಂಬ ಆಸೆಯೂ ಇದೆ.

ಮಡಚುವ ದೋಣಿ ಅಂದರೆ ಯಾವುದು?

ಗಾಳಿ ತುಂಬುವ ದೋಣಿ ಬೇರೆ, ಮಡಚುವ ದೋಣಿ ಬೇರೆ. ಮಡಚುವುದರಲ್ಲಿ ಮೂರು ಜಾತಿ ಇದೆ.

ಹಳೆಯದು ಚೌಕಟ್ಟು ಮತ್ತು ಬಟ್ಟೆಯದು. ಮರದ ಅಥವಾ ಅಲ್ಯುಮಿನಿಯಂ ಕಡ್ಡಿಗಳನ್ನು ಜೋಡಿಸಿ, ಮೇಲೆ ನೀರು ಹಿಡಿಯದ ಬಟ್ಟೆ ಎಳೆಯುವುದು. 1905 ರಲ್ಲಿ ಜರ್ಮನಿಯ ವಿದ್ಯಾರ್ಥಿ ಆಲ್‌ಫ್ರೆಡ್ ಹಾಯ್ರಿಶ್ ಇಂಥದ್ದನ್ನು ಮಾಡಿದ. ಕ್ಲೆಪ್ಪರ್ ಎಂಬ ದರ್ಜಿ ಅದರ ಹಕ್ಕು ಕೊಂಡು ಮಾರಾಟಕ್ಕೆ ತಂದ. ಆಸ್ಕರ್ ಸ್ಪೆಕ್ ಎಂಬಾತ 1932 ರಲ್ಲಿ ಜರ್ಮನಿಯ ಉಲ್ಮ್‌ನಿಂದ ಇಂಥ ದೋಣಿಯಲ್ಲಿ ಹೊರಟು 1939 ರಲ್ಲಿ ಆಸ್ಟ್ರೇಲಿಯಾ ತಲುಪಿದ. ದಾರಿಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬದಿ ಹಿಡಿದೇ ಸಿಲೋನ್‌ಗೆ ಇಳಿದಿದ್ದ. ಇದನ್ನು ಓದಿದ ದಿನ ನಾನು ಮಲ್ಪೆಗೆ ಹೋಗಿ ಸಮುದ್ರವನ್ನು ತುಂಬಾ ಹೊತ್ತು ನೋಡಿದ್ದೆ.

ಎರಡನೆಯದು ದಪ್ಪ ಪ್ಲಾಸ್ಟಿಕ್ ಹಾಳೆಯದು. ಅಮೆರಿಕದ ಪೋರ್ಟಾ ಬೋಟ್ ಈ ಜಾತಿ. ಮಡಚಿದಾಗ ಹಲಗೆಯಂತೆ ಚಪ್ಪಟೆ, ದಪ್ಪ ಸುಮಾರು ನಾಲ್ಕು ಇಂಚು. ಬಿಡಿಸಿ ಒಳಗೆ ಆಸನಗಳನ್ನು ಸಿಕ್ಕಿಸಿದರೆ ಅವೇ ದೋಣಿಯನ್ನು ಅಗಲಿಸಿ ಹಿಡಿಯುತ್ತವೆ. ಗಟ್ಟಿ, ಇಬ್ಬರು ಮೂವರು ಕೂರಬಹುದು. ಆದರೆ ಭಾರ. ಒಬ್ಬರೇ ಮೆಟ್ಟಿಲು ಇಳಿಸುವುದು ಕಷ್ಟ. ಕಾರಿನ ಮೇಲೆ ಕ್ಯಾರಿಯರ್ ಬೇಕು.

ಮೂರನೆಯದು ಕಾಗದದ ದೋಣಿಯಂತೆ ಮಡಚುವ ಕಯಾಕ್, ಅಂದರೆ ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಅಮೆರಿಕದ ಓರು ಕಂಪನಿ 2012 ರಲ್ಲಿ ಇದಕ್ಕೆ ಜನರಿಂದ ಹಣ ಕೂಡಿಸಿ ಶುರುಮಾಡಿತು. ಎರಡು ಪದರ ಇರುವ ಪಾಲಿಪ್ರೊಪಿಲೀನ್ ಹಾಳೆ ಇದರ ಮೈ. ನಮ್ಮ ಫ್ಲೆಕ್ಸ್ ಅಂಗಡಿಯವರು ಬೋರ್ಡಿಗೆ ಬಳಸುವ ಸನ್‌ಪ್ಯಾಕ್ ಶೀಟ್ ಇದೆಯಲ್ಲ, ಅದರ ದಪ್ಪ, ಗಟ್ಟಿ ಅಣ್ಣ ಅಂದುಕೊಳ್ಳಿ. ಹಗುರವಾದ ಮಾದರಿ ಸುಮಾರು 9 ಕಿಲೋ ತೂಗುತ್ತದೆ. ನನ್ನದು ಈ ಜಾತಿ. ಇನ್ನು ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಇದರ ಬಗ್ಗೆಯೇ.

ಪ್ಲಾಸ್ಟಿಕ್ ಮಡಚಿದರೆ ಮುರಿಯುವುದಿಲ್ಲವಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಎಣ್ಣೆ ಬಾಟಲಿಯ ಒತ್ತಿ ತೆರೆಯುವ ಮುಚ್ಚಳ ನೋಡಿ. ಹಿಂದೆ ಒಂದು ತೆಳು ಪಟ್ಟಿ ಇರುತ್ತದೆ. ಬಾಟಲಿ ಖಾಲಿಯಾಗುವವರೆಗೂ ಅದು ಮುರಿಯುವುದಿಲ್ಲ. ಆ ಮುಚ್ಚಳವೂ ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಾಗುವ ಜಾಗದಲ್ಲಿ ಪದೇಪದೇ ಬಾಗುವುದು ಅದರ ಗುಣ. ಅದರ ಶತ್ರು ಬಿಸಿಲು.

ಕೊಳ್ಳುವ ಮುಂಚೆ

ಮೊದಲು ಈಜು ಕಲಿಯಿರಿ. ದೋಣಿಯ ದುಡ್ಡು ಆಮೇಲೆ ಹೊಂದಿಸಬಹುದು.

ಆಮೇಲೆ ಒಂದು ಸಲ ಬಾಡಿಗೆ ಕಯಾಕ್‌ನಲ್ಲಿ ಕೂರಿ. ಸಾಲಿಗ್ರಾಮದ ಹತ್ತಿರ ಸೀತಾ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕಿಂಗ್ ಮಾಡಿಸುತ್ತಾರೆ. ಒಂದು ಗಂಟೆ ಕೂತರೆ ನಿಮ್ಮ ಬೆನ್ನು, ಮಂಡಿ ಏನು ಹೇಳುತ್ತವೆ ಅಂತ ಗೊತ್ತಾಗುತ್ತದೆ. ಕಾಲು ಚಾಚಿ ಕೂರಲು ಆಗದವರು ಕಯಾಕ್ ಕೊಳ್ಳಬೇಡಿ. ಅವರಿಗೆ ಆಸನ ಇರುವ ಎರಡನೇ ಜಾತಿಯೇ ಸರಿ.

ಕಂಪನಿ ಹೇಳುವ ಭಾರದ ಮಿತಿಯನ್ನು ಪೂರ್ತಿ ನಂಬಿ ತುಂಬಬೇಡಿ. ನಾನು ಮುಕ್ಕಾಲು ಭಾಗಕ್ಕೆ ನಿಲ್ಲಿಸುತ್ತೇನೆ. ಮಿತಿ 120 ಕಿಲೋ ಅಂತಿದ್ದರೆ ನೀವು, ಚೀಲ, ಕುಡಿಯುವ ನೀರು ಎಲ್ಲ ಸೇರಿ 90 ಕಿಲೋ. ಅದಕ್ಕಿಂತ ಜಾಸ್ತಿ ಆದರೆ ದೋಣಿ ನೀರಿನಲ್ಲಿ ಕೆಳಗೆ ಕೂರುತ್ತದೆ, ಸಣ್ಣ ಅಲೆಯೂ ಒಳಗೆ ಬರುತ್ತದೆ.

ಹೊರದೇಶದಿಂದ ತರಿಸುವುದಾದರೆ ಸಾಗಾಟ ಮತ್ತು ಕಸ್ಟಮ್ಸ್ ಸುಂಕ ಸೇರಿ ಎಷ್ಟಾಗುತ್ತದೆ ಎಂದು ಮೊದಲೇ ಬರೆದು ಕೇಳಿ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಹೆದರಬೇಕಾಗಿಲ್ಲ, ಆದರೆ ಬಿಸಿಲಿಗೆ ಹಿಡಿದು ಪ್ರತಿ ಮಡಿಕೆಯನ್ನೂ ನೋಡಿ. ಮಡಿಕೆಯಲ್ಲಿ ಬಿಳಿ ಗೆರೆ ಕಂಡರೆ ಅದು ಸಹಜ. ಉಗುರು ಸಿಕ್ಕಿಕೊಳ್ಳುವ ಸೀಳು ಕಂಡರೆ ಬೇಡ. ಮೈ ಮೇಲೆ ಕೈ ಉಜ್ಜಿದಾಗ ಸೀಮೆಸುಣ್ಣದಂಥ ಪುಡಿ ಅಂಟಿದರೂ ಬೇಡ, ಅದು ಬಿಸಿಲಿನಲ್ಲಿ ಬೆಂದ ದೋಣಿ.

ಟೆರೇಸಿನಲ್ಲಿ ಐದು ಸಲ

ಹೊಸ ದೋಣಿಯನ್ನು ನೇರ ಹೊಳೆಗೆ ಒಯ್ಯಬೇಡಿ. ಹೊಸ ಮಡಿಕೆ ಬಿಗಿಯಾಗಿರುತ್ತದೆ, ಬಗ್ಗುವುದಿಲ್ಲ. ಮನೆಯ ಟೆರೇಸಿನಲ್ಲಿ ಬೆಳಗಿನ ಎಳೆಬಿಸಿಲಿಗೆ ಅರ್ಧ ಗಂಟೆ ಇಟ್ಟರೆ ಮೆದುವಾಗುತ್ತದೆ. ಐದು ಸಲ ಬಿಡಿಸಿ, ಐದು ಸಲ ಮಡಚಿ. ನನಗೆ ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು. ಈಗ ಹತ್ತು ನಿಮಿಷ ಸಾಕು.

1. ಪೆಟ್ಟಿಗೆ ತೆರೆದು ಒಳಗಿನ ಸಾಮಾನು ಎಲ್ಲ ಹೊರಗಿಡಿ. ಎಣಿಸಿ. ಬಿಗಿಯುವ ಪಟ್ಟಿ ಒಂದು ಕಡಿಮೆ ಇದ್ದರೆ ಅದು ಗೊತ್ತಾಗಬೇಕಾದ್ದು ಮನೆಯಲ್ಲಿ.

2. ಹಾಳೆಯನ್ನು ಉದ್ದಕ್ಕೆ ಬಿಡಿಸಿ. ಕೆಳಗೆ ಮರಳು, ಕಲ್ಲು ಇರಬಾರದು. ನಾನು ಹಳೆಯ ಅಡಿಕೆ ಒಣಗಿಸುವ ಟಾರ್ಪಾಲ್ ಹಾಸುತ್ತೇನೆ.

3. ಮಡಿಕೆಗಳನ್ನು ಹಿಮ್ಮುಖ ಬಗ್ಗಿಸಿ ಸಡಿಲ ಮಾಡಿ. ಈ ಒಂದು ಹೆಜ್ಜೆ ಬಿಟ್ಟರೆ ದೋಣಿ ಆಕಾರಕ್ಕೆ ಬರುವುದೇ ಇಲ್ಲ, ಎಳೆದಾಡಿ ಬಕಲ್ ಮುರಿಯುತ್ತೀರಿ.

4. ಎರಡೂ ಬದಿಗಳನ್ನು ಮೇಲೆತ್ತಿ, ಮುಂದಿನ ಮತ್ತು ಹಿಂದಿನ ಮೂತಿ ಸೇರಿಸಿ, ಪಟ್ಟಿ ಹಾಕಿ. ಒಂದೇ ಪಟ್ಟಿಯನ್ನು ಒಮ್ಮೆಗೇ ಬಿಗಿಯಬೇಡಿ. ಎಲ್ಲವನ್ನೂ ಅರ್ಧ ಬಿಗಿದು, ಎರಡೂ ಕಡೆ ಸಮ ಇದೆಯಾ ನೋಡಿ, ಆಮೇಲೆ ಪೂರ್ತಿ.

5. ನೆಲದ ಹಲಗೆ, ಆಸನ, ಕಾಲು ಊರುವ ಕಟ್ಟೆ ಸಿಕ್ಕಿಸಿ.

6. ಗಾಳಿಚೀಲ. ಇದನ್ನು ಕಡ್ಡಾಯ ಅನ್ನುತ್ತೇನೆ. ಪಾಲಿಪ್ರೊಪಿಲೀನ್ ನೀರಿಗಿಂತ ಸ್ವಲ್ಪ ಹಗುರ, ಆದ್ದರಿಂದ ದೋಣಿ ಪೂರ್ತಿ ಮುಳುಗಿ ತಳ ಸೇರುವುದಿಲ್ಲ. ಆದರೆ ಒಳಗೆ ನೀರು ತುಂಬಿದರೆ ಅದು ನಿಮ್ಮನ್ನು ಹೊರುವುದೂ ಇಲ್ಲ. ಮುಂದೆ ಒಂದು, ಹಿಂದೆ ಒಂದು ಗಾಳಿ ತುಂಬಿದ ಚೀಲ ತುರುಕಿದರೆ ಅಲ್ಲಿ ನೀರಿಗೆ ಜಾಗವಿರುವುದಿಲ್ಲ.

ಕೊನೆಗೆ ದೋಣಿ ಸುತ್ತ ಒಂದು ಸುತ್ತು ಬಂದು ಪ್ರತಿ ಬಕಲ್ ಮುಟ್ಟಿ ನೋಡಿ. ಕಣ್ಣಿಗಿಂತ ಕೈ ನಂಬಿ.

ನೀರಿನ ವೇಳೆ

ದೋಣಿ ಬಿಡಿಸುವುದನ್ನು ಒಂದು ಭಾನುವಾರದಲ್ಲಿ ಕಲಿಯಬಹುದು. ನೀರಿನ ವೇಳೆ ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

ನಮ್ಮ ಹೊಳೆಗಳ ಕೊನೆಯ ಕೆಲವು ಮೈಲಿ ಸಮುದ್ರದ ಮಾತು ಕೇಳುತ್ತವೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಎಂಟು ಗಂಟೆಗೆ ಉಬ್ಬರ ಇದ್ದರೆ ನಾಳೆ ಸುಮಾರು ಎಂಟು ಐವತ್ತಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತ ಏರಿಳಿತ ಜಾಸ್ತಿ, ಸೆಳೆತವೂ ಜಾಸ್ತಿ. ಅಷ್ಟಮಿ ಸುತ್ತ ಕಡಿಮೆ. ನಮ್ಮ ಕರಾವಳಿಯಲ್ಲಿ ಒಂದೇ ದಿನದ ಎರಡು ಉಬ್ಬರಗಳೂ ಸಮ ಇರುವುದಿಲ್ಲ, ಅದನ್ನೂ ಗಮನಿಸಿ.

ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೊದಲ ಒಂದು ಗಂಟೆ ನಿಧಾನ. ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ಅತಿ ಜೋರು. ಕೊನೆಗೆ ಮತ್ತೆ ನಿಧಾನ. ನಡುವಿನ ಆ ಎರಡು ಗಂಟೆ ಅಳಿವೆಯ (ಹೊಳೆ ಕಡಲು ಸೇರುವ ಜಾಗದ) ಹತ್ತಿರ ಇರಲೇಬಾರದು.

ಇದರ ಜೊತೆ ಗಾಳಿ. ಚಳಿಗಾಲದ ಬೆಳಿಗ್ಗೆ ಮೂಡಣದಿಂದ ನೆಲದ ಗಾಳಿ ಬೀಸುತ್ತದೆ. ಹನ್ನೊಂದರ ಹೊತ್ತಿಗೆ ಅದು ನಿಂತು ಪಡುವಣದಿಂದ ಸಮುದ್ರದ ಗಾಳಿ ಶುರು. ಮಧ್ಯಾಹ್ನದ ಮೇಲೆ ಜೋರು. ಒಂಬತ್ತು ಕಿಲೋದ ದೋಣಿ ಗಾಳಿಗೆ ಎಲೆ ಇದ್ದ ಹಾಗೆ. ಮೀನುಗಾರರ ಮರದ ದೋಣಿ ಅಲುಗದ ಗಾಳಿಗೆ ಇದು ತಿರುಗಿ ನಿಲ್ಲುತ್ತದೆ.

ನಾನು ಅನುಸರಿಸುವ ಲೆಕ್ಕ ಇಷ್ಟು. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ ನಡುವೆ ಉಬ್ಬರ ಬರುವ ದಿನ ಆರಿಸುತ್ತೇನೆ. ಉಬ್ಬರಕ್ಕೆ ಎರಡು ಗಂಟೆ ಮುಂಚೆ ದೋಣಿ ಇಳಿಸುತ್ತೇನೆ. ಸಮುದ್ರಕ್ಕೆ ಬೆನ್ನು ಹಾಕಿ ಹೊಳೆಯ ಮೇಲ್ಗಡೆಗೆ ಹೋಗುತ್ತೇನೆ. ಏರುವ ನೀರು ನನ್ನನ್ನು ತಳ್ಳುತ್ತದೆ. ಆ ಹೊತ್ತಿನಲ್ಲಿ ಏನೇ ಎಡವಟ್ಟಾದರೂ ನೀರು ನನ್ನನ್ನು ಊರಿನ ಕಡೆಗೇ ಒಯ್ಯುತ್ತದೆ, ಕಡಲಿನ ಕಡೆಗಲ್ಲ. ನೀರು ನಿಂತ ಹೊತ್ತಿಗೆ ತಿರುಗಿ, ಇಳಿತದ ಮೊದಲ ನಿಧಾನದ ಗಂಟೆಯಲ್ಲಿ, ಸಮುದ್ರದ ಗಾಳಿ ಏಳುವ ಮುಂಚೆ ಕಡವಿಗೆ (ದೋಣಿ ಹತ್ತಿಳಿಯುವ ಜಾಗಕ್ಕೆ) ವಾಪಸ್.

ಉಬ್ಬರದ ಹೊತ್ತು ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆಯ ಮುನ್ಸೂಚನೆಯಲ್ಲಿ ಸಿಗುತ್ತದೆ. ಅದು ಸಮುದ್ರ ತೀರದ ಹೊತ್ತು. ಹೊಳೆಯೊಳಗೆ ಹೋದಷ್ಟೂ ತಡವಾಗುತ್ತದೆ. ನಿಮ್ಮ ಕಡವಿನಲ್ಲಿ ಎಷ್ಟು ತಡ ಅಂತ ನಾಲ್ಕೈದು ಸಲ ನೋಡಿ ಬರೆದಿಟ್ಟುಕೊಳ್ಳಿ. ಅದೇ ಸಂಸ್ಥೆ ಕಳ್ಳಕ್ಕಡಲ್ ಎಚ್ಚರಿಕೆಯನ್ನೂ ಕೊಡುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ, ಇಲ್ಲಿ ಗಾಳಿಯೇ ಇಲ್ಲದ ದಿನ ಬಂದು ಅಪ್ಪಳಿಸುತ್ತದೆ. ಆ ಎಚ್ಚರಿಕೆ ಇದ್ದ ದಿನ ಹೊಳೆಯ ಕೆಳಭಾಗಕ್ಕೂ ಹೋಗಬೇಡಿ.

ಒಂದು ಹುಣ್ಣಿಮೆಯ ಮಧ್ಯಾಹ್ನ

ಮೊದಲ ವರ್ಷ ನನಗೆ ಇದೆಲ್ಲ ಗೊತ್ತಿರಲಿಲ್ಲ. ಕೆಮ್ಮಣ್ಣಿನ ತೂಗುಸೇತುವೆಯ ಹತ್ತಿರ ಸ್ವರ್ಣಾ ಹೊಳೆಗೆ ದೋಣಿ ಇಳಿಸಿದೆ. ಹುಣ್ಣಿಮೆಯ ದಿನ, ಮಧ್ಯಾಹ್ನ ಊಟ ಮಾಡಿ ಹೊರಟಿದ್ದೆ. ಕೆಳಗಡೆಗೆ ಎಷ್ಟು ಸಲೀಸಾಗಿ ಹೋಯಿತು ಅಂದರೆ ಹುಟ್ಟು ಹಾಕುವುದರಲ್ಲಿ ನಾನು ಪಳಗಿಬಿಟ್ಟೆ ಅಂದುಕೊಂಡೆ. ಒಂದು ಗಂಟೆ ಕಳೆದು ತಿರುಗಿಸಿದಾಗ ಗೊತ್ತಾಯಿತು, ನನ್ನನ್ನು ಒಯ್ದದ್ದು ಇಳಿತ. ಹತ್ತು ನಿಮಿಷ ಜೀವ ಬಿಟ್ಟು ಹುಟ್ಟು ಹಾಕಿದರೂ ದಡದ ತೆಂಗಿನಮರ ಅಲ್ಲೇ ಇತ್ತು. ಅಷ್ಟರಲ್ಲಿ ಪಡುಗಾಳಿ ಎದ್ದಿತು. ಇಳಿಯುವ ನೀರಿಗೆ ಎದುರು ಗಾಳಿ ಬಂದರೆ ಅಲೆ ಕಡಿದಾಗಿ, ಒತ್ತೊತ್ತಾಗಿ ಏಳುತ್ತದೆ. ಮಡಿಲಿಗೆ ನೀರು ಬರತೊಡಗಿತು.

ಸ್ವರ್ಣಾ ಮತ್ತು ಸೀತಾ ಕೂಡಿ ಕಡಲು ಸೇರುವುದು ಕೋಡಿ ಬೆಂಗ್ರೆಯಲ್ಲಿ. ಅಳಿವೆಯ ಸದ್ದು ಕೇಳುತ್ತಿತ್ತು. ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯರು ದಡದಿಂದ ಕೂಗಿದರು: "ಎದುರು ಹಾಕ್ಬೇಡಿ ಮಾರಾಯ್ರೆ, ಓರೆ ಹಿಡಿದು ಈಚೆ ಬನ್ನಿ!" ಓರೆಯಾಗಿ ದಾಟಿ ಬೆಂಗ್ರೆಯ ದಡ ಹಿಡಿದೆ. ಕೈ ನಡುಗುತ್ತಿತ್ತು. ಅವರು ಬೈಯಲಿಲ್ಲ. ಕುಡಿಯಲು ನೀರು ಕೊಟ್ಟು, "ಇನ್ನು ಕತ್ತಲಾಗುವವರೆಗೆ ನೀರು ತಿರುಗುವುದಿಲ್ಲ" ಅಂದರು.

ಆಮೇಲೆ ನಾನು ಮಾಡಿದ್ದು ಇಷ್ಟೇ. ದೋಣಿ ಮಡಚಿದೆ. ಬೆನ್ನಿಗೆ ಹಾಕಿಕೊಂಡೆ. ಬೆಂಗ್ರೆಯಲ್ಲಿ ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ರಸ್ತೆ. ಬಸ್ ಹಿಡಿದು ಮನೆಗೆ ಬಂದೆ.

ಮಡಚುವ ದೋಣಿಯ ನಿಜವಾದ ಬಲ ನನಗೆ ಅರ್ಥವಾದದ್ದು ಅವತ್ತು. ಬೇರೆ ದೋಣಿ ಇದ್ದವರು ಹೊರಟ ಜಾಗಕ್ಕೆ ಮರಳಲೇಬೇಕು. ನಮಗೆ ಆ ಹಂಗಿಲ್ಲ. ಎಲ್ಲಿ ದಡ ಸಿಗುತ್ತದೋ, ರಸ್ತೆ ಸಿಗುತ್ತದೋ ಅಲ್ಲಿಗೆ ಪ್ರಯಾಣ ಮುಗಿಸಬಹುದು. ಆದ್ದರಿಂದ ಹೊರಡುವ ಮುಂಚೆ ನಾನೀಗ ನಕ್ಷೆಯಲ್ಲಿ ಮೊದಲು ಗುರುತು ಮಾಡುವುದು ಬಿಟ್ಟು ಬರಬಹುದಾದ ಜಾಗಗಳನ್ನು. ಒಂದೊಂದು ಕಿಲೋಮೀಟರಿಗೆ ಒಂದಾದರೂ ಗಟ್ಟಿ ದಡ, ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಬಸ್ ಅಥವಾ ರಿಕ್ಷಾ. ಹಾಗೆ ಸಿಗದ ದಾರಿಗೆ ಹೋಗುವುದಿಲ್ಲ. ಪೆಟ್ಟಿಗೆಯ ಬೆನ್ನುಪಟ್ಟಿ, ಚಪ್ಪಲಿ, ನೂರಿನ್ನೂರು ರೂಪಾಯಿ ಚಿಲ್ಲರೆ ಯಾವಾಗಲೂ ದೋಣಿಯಲ್ಲೇ ಇರುತ್ತವೆ, ಕಾರಿನಲ್ಲಿ ಅಲ್ಲ.

ಎಲ್ಲಿ ಇಳಿಸುವುದು

ಸೇತುವೆಗಳು ಬಂದ ಮೇಲೆ ನಮ್ಮ ಎಷ್ಟೋ ಕಡವುಗಳು ಸುಮ್ಮನಾದವು. ಆದರೆ ಮೆಟ್ಟಿಲುಗಳು ಇನ್ನೂ ಇವೆ. ದೋಣಿ ಇಳಿಸಲು ಅವಕ್ಕಿಂತ ಒಳ್ಳೆಯ ಜಾಗವಿಲ್ಲ. ಹತ್ತಿರದ ಮನೆಯವರನ್ನು ಒಂದು ಮಾತು ಕೇಳಿ. "ಇಲ್ಲಿ ದೋಣಿ ಇಳಿಸಬಹುದಾ? ನೀರು ಹೇಗಿದೆ?" ಅಂದರೆ ಸಾಕು, ಯಾವ ನಕ್ಷೆಯಲ್ಲೂ ಇಲ್ಲದ ವಿಷಯ ತಿಳಿಯುತ್ತದೆ. ಎಲ್ಲಿ ಬಲೆ ಕಟ್ಟಿದ್ದಾರೆ, ಎಲ್ಲಿ ಮರಳು ತೆಗೆದು ಗುಂಡಿ ಬಿದ್ದಿದೆ, ಎಲ್ಲವೂ.

ಮುರಕಲ್ಲಿನ ಮೆಟ್ಟಿಲು ದೋಣಿಯ ತಳವನ್ನು ಅರದಂತೆ ಕೆರೆಯುತ್ತದೆ. ಎಳೆಯಬೇಡಿ, ಎತ್ತಿ ನೀರಿಗೆ ಇಡಿ. ಮೆಟ್ಟಿಲಿನ ಪಾಚಿ ಬಗ್ಗೆ ಜೋಪಾನ. ಕಾಂಡ್ಲಾ ಗಿಡಗಳ ಬುಡದಲ್ಲಿ ಇಳಿಯಬೇಡಿ, ಮಂಡಿವರೆಗೆ ಕೆಸರು, ಒಳಗೆ ಬ್ಲೇಡಿನಂಥ ಚಿಪ್ಪು.

ದೂರ ಇರಬೇಕಾದ ಜಾಗಗಳು: ಎಲ್ಲ ಅಳಿವೆಗಳು, ಮಲ್ಪೆ ಮತ್ತು ಮಂಗಳೂರಿನ ಮೀನುಗಾರಿಕಾ ಬಂದರಿಗೆ ದೋಣಿಗಳು ಓಡಾಡುವ ದಾರಿ, ಮತ್ತು ಕಿಂಡಿ ಅಣೆಕಟ್ಟುಗಳು. ನೇತ್ರಾವತಿಯ ತುಂಬೆ ಅಣೆಕಟ್ಟಿನಂಥ ದೊಡ್ಡದೇ ಆಗಬೇಕಿಲ್ಲ. ಸಣ್ಣ ಕಟ್ಟದ ಕೆಳಗೂ ನೀರು ಸುತ್ತಿ ಸುತ್ತಿ ಹಿಂದಕ್ಕೆ ಎಳೆಯುತ್ತದೆ, ಸಿಕ್ಕವರು ಹೊರಗೆ ಬರುವುದು ಬಹಳ ಕಷ್ಟ. ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ಇದರಲ್ಲೇ ಹೋಗಬಹುದಾ ಅಂತ ಎಷ್ಟೋ ಜನ ಕೇಳುತ್ತಾರೆ. ಬೇಡ. ದ್ವೀಪ ಕಣ್ಣಿಗೆ ಹತ್ತಿರ ಕಾಣುತ್ತದೆ, ಆದರೆ ನಡುವೆ ಇರುವುದು ತೆರೆದ ಸಮುದ್ರ, ಬಿಟ್ಟು ಬರಲು ದಡವಿಲ್ಲ.

ಮೋಟಾರು ಹಾಕುವ ಯೋಚನೆ ಇದ್ದರೆ ನೋಂದಣಿಯ ಪ್ರಶ್ನೆ ಬರುತ್ತದೆ, ಮೊದಲೇ ವಿಚಾರಿಸಿ. ಹುಟ್ಟಿನ ದೋಣಿಯಾದರೂ ಹೊಸ ಜಾಗಕ್ಕೆ ಹೋಗುವಾಗ ಪಂಚಾಯತಿಗೋ ಕರಾವಳಿ ಕಾವಲು ಪೊಲೀಸರಿಗೋ ತಿಳಿಸುವುದು ಒಳ್ಳೆಯದು. 2008 ರ ಮುಂಬೈ ದಾಳಿಯ ನಂತರ ಕರಾವಳಿಯಲ್ಲಿ ಗುರುತಿಲ್ಲದ ದೋಣಿ ಕಂಡರೆ ಜನರೂ ಎಚ್ಚರವಾಗುತ್ತಾರೆ. ಗುರುತಿನ ಚೀಟಿ ಜೊತೆಗಿರಲಿ.

ಮೈಮೇಲೆ, ಕೈಯಲ್ಲಿ

ಲೈಫ್ ಜಾಕೆಟ್ ಹಾಕಿಕೊಳ್ಳುವುದು ದಡದಲ್ಲಿ, ಬಿಚ್ಚುವುದೂ ದಡದಲ್ಲಿ. ಈಜು ಬಲ್ಲವರಿಗೆ ಹೊಳೆಯಲ್ಲಿ 50 ನ್ಯೂಟನ್ನಿನದು ಸಾಕು, ಅಂದರೆ ಸುಮಾರು ಐದು ಕಿಲೋ ಎತ್ತುವ ಬಲ. ಈಜಿನಲ್ಲಿ ಅಷ್ಟು ಧೈರ್ಯವಿಲ್ಲದವರಿಗೆ ಕುತ್ತಿಗೆಪಟ್ಟಿ ಇರುವ 100 ನ್ಯೂಟನ್ನಿನದು. ಹಾಕಿ, ಹೆಗಲು ಹಿಡಿದು ಮೇಲೆ ಎಳೆಯಿರಿ. ಕಿವಿಯವರೆಗೆ ಬಂದರೆ ಅದು ಸಡಿಲ.

ಕುತ್ತಿಗೆಗೆ ಪೀಪಿ. ಫೋನು ನೀರು ಹೋಗದ ಚೀಲದಲ್ಲಿ, ಆ ಚೀಲ ಮೈಗೆ ಕಟ್ಟಿರಬೇಕು. ಫೋನಿನಲ್ಲಿ 112, ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093. ನೀರು ಮೊಗೆದು ಚೆಲ್ಲಲು ಅರ್ಧ ಕತ್ತರಿಸಿದ ಎಣ್ಣೆ ಕ್ಯಾನ್ ಒಂದು. ಮನೆಯಲ್ಲಿ ಒಬ್ಬರಿಗೆ ಎಲ್ಲಿ ಇಳಿಸುತ್ತೇನೆ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇನೆ ಅಂತ ಹೇಳಿಯೇ ಹೊರಡಿ.

ಮೊದಲ ದಿನ ದೂರ ಹೋಗುವ ಯೋಚನೆಯೇ ಬೇಡ. ಸೊಂಟದಷ್ಟು ನೀರು, ಕೆಳಗೆ ಮರಳು ಇರುವ ಕಡೆ, ಜೊತೆಗೊಬ್ಬರು ನಿಂತಿರುವಾಗ, ಬೇಕೆಂದೇ ದೋಣಿ ಮಗುಚಿ. ಕಾಲು ಹೊರಗೆ ಎಳೆದುಕೊಳ್ಳುವುದು, ಹುಟ್ಟು ಬಿಡದೆ ದೋಣಿ ಹಿಡಿಯುವುದು, ಹಿಡಿದುಕೊಂಡೇ ಕಾಲು ಬಡಿದು ದಡಕ್ಕೆ ಬರುವುದು. ಐದಾರು ಸಲ ಮಾಡಿದ ಮೇಲೆ ಹೆದರಿಕೆ ಹೋಗುತ್ತದೆ. ಹುಟ್ಟು ಹಾಕುವಾಗ ತೋಳಿನಿಂದ ಎಳೆಯದೆ ಸೊಂಟ ತಿರುಗಿಸಿ ಎಳೆಯಿರಿ, ಮಿಕ್ಕದ್ದು ನೀರೇ ಕಲಿಸುತ್ತದೆ.

ತೊಳೆಯುವುದು, ರಿಪೇರಿ, ಮಳೆಗಾಲ

ಉಪ್ಪುನೀರು ಪ್ಲಾಸ್ಟಿಕ್‌ಗೆ ಏನೂ ಮಾಡುವುದಿಲ್ಲ. ಆದರೆ ಸ್ಕ್ರೂ, ಬಕಲ್, ಜಿಪ್ ಇವನ್ನು ತಿನ್ನುತ್ತದೆ. ಪ್ರತಿ ಸಲ ಬಾವಿ ನೀರಿನಲ್ಲಿ ತೊಳೆಯಿರಿ. ಮಡಿಕೆಯೊಳಗಿನ ಮರಳನ್ನು ಹಳೆಯ ಬ್ರಷ್‌ನಿಂದ ತೆಗೆಯಿರಿ, ಮಡಚಿದಾಗ ಅದೇ ಮರಳು ಒಳಗೆ ಕೂತು ಕೆರೆಯುತ್ತದೆ. ನೆರಳಿನಲ್ಲಿ ಒಣಗಿಸಿ. ಎರಡು ಪದರದ ಹಾಳೆಯಾದರೆ ಅಂಚಿನಿಂದ ಒಳಗೆ ನೀರು ಸೇರಿರಬಹುದು, ಓರೆಯಾಗಿ ನಿಲ್ಲಿಸಿ ಇಳಿಸಿ. ಒದ್ದೆ ಇರುವಾಗಲೇ ಮಡಚಿಟ್ಟರೆ ನಮ್ಮ ಸೆಕೆಗೆ ಮೂರೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ತೂತಾದರೆ ಎಂ-ಸೀಲ್, ಅರಾಲ್ಡೈಟ್ ತರಲು ಓಡಬೇಡಿ. ಪಾಲಿಪ್ರೊಪಿಲೀನ್‌ಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಒಣಗಿಸಿ ಒರೆಸಿ ಒಳಗೂ ಹೊರಗೂ ಒಳ್ಳೆಯ ಡಕ್ಟ್ ಟೇಪ್ ಹಾಕಿದರೆ ಅವತ್ತಿನ ಮಟ್ಟಿಗೆ ಮನೆಗೆ ಬರಬಹುದು. ದಪ್ಪ ಹಾಳೆಯ ದೋಣಿಯಾದರೆ ಕಾರಿನ ಬಂಪರ್ ಬಿಸಿಗಾಳಿಯಲ್ಲಿ ಬೆಸೆಯುವವರನ್ನು ಕೇಳಿ. ಬಂಪರ್‌ಗಳೂ ಹೆಚ್ಚಾಗಿ ಇದೇ ಜಾತಿಯ ಪ್ಲಾಸ್ಟಿಕ್, ಅವರಿಗೆ ಕೈ ಪಳಗಿರುತ್ತದೆ. ಎರಡು ಪದರದ್ದು ತೆಳು, ಅದನ್ನು ಬೆಸೆಯಲು ಹೋದರೆ ಕರಗಿ ಇನ್ನೂ ದೊಡ್ಡ ತೂತಾಗುತ್ತದೆ. ಅದಕ್ಕೆ ಕಂಪನಿಯ ತೇಪೆಯೇ ಬೇಕು.

ಜೂನ್ 1 ರಿಂದ ಜುಲೈ 31 ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ನಾನು ಅದಕ್ಕೂ ಎರಡು ತಿಂಗಳು ಸೇರಿಸಿ ಸೆಪ್ಟೆಂಬರ್ ಕೊನೆಯವರೆಗೆ ದೋಣಿ ಮುಟ್ಟುವುದಿಲ್ಲ. ಕೆಂಪು ನೀರಿನಲ್ಲಿ ತೇಲಿಬರುವ ಮರದ ದಿಮ್ಮಿ ಕಣ್ಣಿಗೆ ಬೀಳುವುದಿಲ್ಲ. ಆ ನಾಲ್ಕು ತಿಂಗಳು ಪೆಟ್ಟಿಗೆಯನ್ನು ನಿಲ್ಲಿಸಿಯೇ ಇಡಿ, ಮೇಲೆ ಭಾರ ಹೇರಬೇಡಿ, ಪಟ್ಟಿಗಳನ್ನು ಸಡಿಲ ಬಿಡಿ. ಇಲಿ ಬರದ ಕಡೆ ಇರಲಿ. ಜಿಪ್ಪಿಗೆ ಮೇಣದಬತ್ತಿ ಉಜ್ಜಿ, ಸ್ಕ್ರೂಗಳಿಗೆ ತೆಳ್ಳಗೆ ಗ್ರೀಸ್ ಸವರಿ.

ಅಕ್ಟೋಬರಿನಲ್ಲಿ ಮತ್ತೆ ಟೆರೇಸಿಗೆ ಒಯ್ದು ಬಿಡಿಸಿ. ಒಳಗೆ ಎರಡು ಬಕೆಟ್ ನೀರು ಸುರಿದು, ತಳ ಒಣಗಿದೆಯಾ ಅಂತ ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ. ಗಾಳಿಚೀಲಗಳನ್ನು ಊದಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆಯೂ ಬಿಗಿಯಾಗಿದ್ದರೆ ಪಂಚಾಂಗ ತೆಗೆದು ಅಷ್ಟಮಿ ಯಾವತ್ತು ಅಂತ ನೋಡಬಹುದು.